ತಟ್ಟೆಯ ಅಡಿಯ ಹೆಸರು

ಮೊಟ್ಟೆ ತಟ್ಟೆಯಲ್ಲಿ ಇನ್ನು ಐದೇ ಉಳಿದಿವೆ, ಬೇಯಿಸಿ ಸೀಳಿ ಮಸಾಲೆ ತುಂಬಿದ ಅರೆಮೊಟ್ಟೆಗಳು, ಹನ್ನೆರಡು ಗುಳಿಗಳಲ್ಲಿ ಏಳು ಖಾಲಿ, ಖಾಲಿ ಗುಳಿಗಳಿಗೆ ಕೆಂಪು ಮೆಣಸಿನ ಪುಡಿ ಮೆತ್ತಿಕೊಂಡಿದೆ, ಎಲ್ಲ ಮುಗಿದರೆ ಯಾರಾದರೂ ತಟ್ಟೆ ಎತ್ತುತ್ತಾರೆ, ಎತ್ತಿದರೆ ಅಡಿಯ ಹೆಸರಿನ ಟೇಪು ಕಾಣುತ್ತದೆ, ಕಾಣಲಿ ಎಂದೇ ಅಲ್ಲವೇ ತಂದದ್ದು, ಬಾಯಿಬಿಟ್ಟು ಹೇಳಲಾರದವಳು ನಾನು — ಜಾರ್ಜಿಯಾದ ನಮ್ಮೂರ ಗ್ರಂಥಾಲಯದ ಈ ಕೋಣೆಯಲ್ಲಿ ತಿಂಗಳಿಗೊಂದು ಗುರುವಾರ ಇವರೆಲ್ಲ ಸೇರಿ ಒಂದು ಪುಸ್ತಕವನ್ನು ಚರ್ಚಿಸುತ್ತಾರೆ, ನಾನು ಕಪಾಟು ಜೋಡಿಸುವವಳು, ತಣ್ಣನೆ ಚಹಾ ಸುರಿಯುವವಳು, ಹತ್ತನೇ ತರಗತಿಗೆ ಶಾಲೆ ಬಿಟ್ಟವಳ ಅಭಿಪ್ರಾಯವನ್ನು ಯಾರು ಕೇಳುತ್ತಾರೆ, ನನಗೆ ಇವರು ಹೇಳುವುದು, ರೋಡಾ, ಇನ್ನೊಂಚೂರು ಐಸ್ ಹಾಕು ಕಂದ, ಅಷ್ಟೇ. ಇವತ್ತಿನದು ಆಟಿಲೀ ರೆನ್‌ಫ್ರೋ ಅವರ ಹೊಸ ಕಾದಂಬರಿ, ನನ್ನ ಆಟಿಲೀ ಎಂದೇ ನಾನು ಒಳಗೊಳಗೇ ಕರೆಯುತ್ತಿದ್ದುದು, ಇದಕ್ಕೆ ಮುಂಚಿನ ಅವರ ಆರು ಪುಸ್ತಕಗಳನ್ನೂ ಐಡೆಲ್ಲಾ ಅಜ್ಜಿಯ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದಿದ್ದೇನೆ, ಅಜ್ಜಿ ಕಣ್ಣು ಮುಚ್ಚಿಕೊಂಡೇ, ಈ ಹೆಂಗಸಿಗೆ ಬಿಸ್ಕತ್ತಿನ ಹಿಟ್ಟು ನಾದೋದು ಗೊತ್ತು ಕಣೆ, ಅನ್ನುತ್ತಿದ್ದಳು, ಏಳನೆಯದನ್ನು ಕೇಳಲು ಅವಳಿಲ್ಲ, ಏಳನೆಯದರಲ್ಲಿ ಅವಳೇ ಇದ್ದಾಳೆ.

ಈ ಸಲ ಯಾಕೋ ಹಿಡಿಸ್ಲಿಲ್ಲ ಕಣ್ರೀ, ಮುನ್ನೂರು ಪುಟ ಬರೀ ಅಡುಗೆಮನೇನೇ, ಎನ್ನುತ್ತಾರೆ ದಂತವೈದ್ಯರ ಹೆಂಡತಿ, ಮೂರು ಮೊಟ್ಟೆ ಉಳಿದಿವೆ ಈಗ, ಅಯ್ಯೋ ನಾನಂತೂ ಅತ್ತೂ ಅತ್ತೂ ಕಣ್ಣಿನ ಕಪ್ಪೆಲ್ಲಾ ಕೆನ್ನೇಗಿಳೀತು, ಆ ತಟ್ಟೆ ವಾಪಸ್ ಬರೋ ಜಾಗದಲ್ಲಿ, ನಮ್ಮಮ್ಮನೇ ಬಾಗಿಲಿಗೆ ಬಂದಂಗಾಯ್ತು, ಎನ್ನುತ್ತಾರೆ ಅಟ್ಲಾಂಟಾದಿಂದ ಬಂದು ನೆಲೆಸಿದ ಮಿಸೆಸ್ ಕ್ರೆನ್‌ಶಾ, ಅವರ ಕೈಯಲ್ಲಿ ಕರವಸ್ತ್ರ, ನಾನು ಒಳಗೇ ಅಂದುಕೊಳ್ಳುತ್ತೇನೆ, ನಿಮ್ಮಮ್ಮ ಅಲ್ಲ ಅವಳು, ನನ್ನಜ್ಜಿ — ಸಾವಿನ ಮನೆಗೆ ಅಡುಗೆ ಒಯ್ಯುವಾಗ ಎಲ್ಲರೂ ಪಾತ್ರೆಯ ಅಡಿಗೆ ಟೇಪು ಅಂಟಿಸಿ ಹೆಸರು ಬರೆಯುತ್ತಾರೆ, ತಿರುಗಿ ಮನೆ ಸೇರಲೆಂದು, ಅಜ್ಜಿ ಸತ್ತಾಗ ಬಂದ ಹತ್ತೊಂಬತ್ತು ಪಾತ್ರೆಗಳನ್ನು ನಾನು ತೊಳೆದು ಒಂದೊಂದೇ ಹಿಂದಿರುಗಿಸಿದೆ, ಅದಾಗಿ ಮೂರು ವಾರಕ್ಕೆ, ಯಾರದೋ ಸಾವಿಗೆಂದು ಅವಳು ಕೊಟ್ಟಿದ್ದ ಮೊಟ್ಟೆ ತಟ್ಟೆ ನಮ್ಮ ಮೆಟ್ಟಿಲ ಮೇಲೆ ಕೂತಿತ್ತು, ಅಡಿಯಲ್ಲಿ ಅವಳದೇ ಕೈಬರಹ, ಒಲೆಯ ಬಿಸಿಗೆ ಒಂದು ಮೂಲೆ ಕಂದಿದ ಟೇಪು. ಅದನ್ನೇ ಅಲ್ಲವೇ ನಾಲ್ಕು ಹಾಳೆ ಬರೆದು ಆಟಿಲೀಗೆ ಕಳಿಸಿದ್ದು, ಹುಟ್ಟಿದ ಮೇಲೆ ನಾನು ಬರೆದ ಮೊದಲ ಪತ್ರ, ಬಂದ ಉತ್ತರ ಒಂದು ಕಾರ್ಡು, ನಿಮ್ಮಜ್ಜಿ ತುಂಬ ಇಷ್ಟವಾದರು, ಅಂತ, ಅದನ್ನು ದಿಂಬಿನ ಕೆಳಗಿಟ್ಟುಕೊಂಡೆ, ಇಷ್ಟವಾದದ್ದನ್ನು ಕಾದಂಬರಿಗೆ ಎತ್ತಿಕೊಳ್ಳುತ್ತಾರೆಂದು ಗೊತ್ತಿರಲಿಲ್ಲ. ಕಂದಿದ ಮೂಲೆಯನ್ನೂ ಬಿಟ್ಟಿಲ್ಲ, ನೂರಾ ಹನ್ನೆರಡನೇ ಪುಟ. ಹೊಟ್ಟೆಕಿಚ್ಚು ಆಟಿಲೀ ಮೇಲೂ ಅಲ್ಲ, ಪುಸ್ತಕದೊಳಗಿನ ಆ ಮೊಮ್ಮಗಳ ಮೇಲೆ, ಅವಳು ಶಾಲೆ ಮುಗಿಸಿದ್ದಾಳೆ, ಅವಳಿಗೆ ತಂಗಿಯಿದ್ದಾಳೆ, ಅವಳ ತಟ್ಟೆ ಹನ್ನೆರಡು ಮೊಟ್ಟೆ ತುಂಬಿಕೊಂಡು ಬರುತ್ತದೆ, ನನ್ನದು ಖಾಲಿ ಬಂತು, ಸಾವಿನ ಮನೆಗೆ ಖಾಲಿ ಪಾತ್ರೆ ಯಾರೂ ಹಿಂದಿರುಗಿಸುವುದಿಲ್ಲ ಇಲ್ಲಿ.

ಎಲ್ಲಾ ಸುಳ್ಳು ಕಣ್ರೇ, ಎಂದರು ಚರ್ಚಿನ ಗಾಯನ ತಂಡದ ಮಿಸ್ ವೈನೆಲ್, ಸತ್ತೋಳ ತಟ್ಟೇನ ಮೂರು ವಾರ ಮನೇಲಿಟ್ಕೊಳ್ಳೋ ಹೆಂಗ್ಸು ಈ ಜಾರ್ಜಿಯಾದಲ್ಲಿ ಯಾರಿದ್ದಾಳೆ, ನಮ್ಮನ್ನೇನು ಕಾಡುಜನ ಅಂದ್ಕೊಂಡಿದ್ದಾಳಾ ಆಟಿಲೀ, ಪಾಪ, ದೇವರು ಅವಳನ್ನ ಚೆನ್ನಾಗಿಟ್ಟಿರ್ಲಿ — ಎಲ್ಲರೂ ನಕ್ಕರು, ನಾನು ಚಹಾದ ಹೂಜಿ ಹಿಡಿದು ನಿಂತೆ, ಅವತ್ತು ಮುಂಜಾನೆ ಪರದೆಯ ಸಂದಿಯಿಂದ ನೋಡಿದ್ದೆನಲ್ಲ, ಮೆಟ್ಟಿಲ ಮೇಲೆ ತಟ್ಟೆ ಇಟ್ಟು, ಕದ ತಟ್ಟದೆ, ನೀಲಿ ಕಾರಿನತ್ತ ಓಡಿದ ಬೆನ್ನು, ಮಿಸ್ ವೈನೆಲ್‌ರ ಬೆನ್ನು, ಗಂಡನಿದ್ದಾಗಲೂ ಊರಿಗೆಲ್ಲ ಮಿಸ್ಸೇ ಆಗಿದ್ದವರು, ಆ ಗಂಡ ತೀರಿಕೊಂಡಾಗ ಅದೇ ತಟ್ಟೆಯಲ್ಲಿ ಅಜ್ಜಿಯ ಮೊಟ್ಟೆ ತಿಂದವರು. ಪತ್ರದಲ್ಲಿ ಆ ಹೆಸರನ್ನು ಬರೆಯಲಿಲ್ಲ. ಕೊನೆಯ ಮೊಟ್ಟೆಯನ್ನು ಈಗ ಅವರೇ ಬಾಯಿಗಿಟ್ಟುಕೊಂಡರು, ಚೆನ್ನಾಗಿ ಮಾಡಿದ್ದೀಯ ಕಂದ, ಉಪ್ಪಿನಕಾಯಿ ರಸ ಹಾಕಿದ್ಯಾ, ಅಂತ ತಟ್ಟೆ ಎತ್ತಿದರು, ಓರೆಯಾಯಿತು, ಅಯ್ಯೋ ನೋಡ್ರೇ, ಮಿಸೆಸ್ ಕ್ರೆನ್‌ಶಾ ಚಪ್ಪಾಳೆ ತಟ್ಟಿದರು, ಪುಸ್ತಕದಲ್ಲಿದ್ದಂಗೇ ಟೇಪು ಅಂಟ್ಸಿದ್ದಾಳೆ ಹುಡುಗಿ, ಮೂಲೆ ಕೂಡ ಸುಟ್ಟಿದ್ದಾಳೆ, ಎಷ್ಟು ಮುದ್ದು, ಯಾರ ಹೆಸರು ಬರ್ದಿದ್ದೀಯೆ, ಓದ್ರೀ ವೈನೆಲ್ — ಬಾಯಿ ತೆರೆದೆ, ಅದು ನನ್ನಜ್ಜಿಯದು ಅನ್ನಬೇಕು, ಪುಸ್ತಕಕ್ಕಿಂತ ಮೊದಲು ಅದು ನನ್ನದು ಅನ್ನಬೇಕು, ಮಿಸ್ ವೈನೆಲ್ ಮನಸ್ಸಿನಲ್ಲೇ ಓದಿದರು, ಓದಿದ್ದು ನನಗೆ ಗೊತ್ತಾಯಿತು, ಅವರ ಕತ್ತು ಕೆಂಪಾಯಿತು, ಏನೋ, ಅಕ್ಷರ ಅಳಿಸ್ಹೋಗಿದೆ, ಎಂದರು, ಅಜ್ಜಿ ತೊಳೆಯುವಾಗ ನೀರು ತಾಗದಿರಲೆಂದು ಹೆಬ್ಬೆರಳನ್ನು ಇಡುತ್ತಿದ್ದ ಜಾಗದಲ್ಲೇ ಅವರ ಹೆಬ್ಬೆರಳು, ಹೆಸರಿನ ಮೇಲೆ, ಒತ್ತಿ, ಹೂಜಿಯಲ್ಲಿ ಐಸ್ ಕರಗುತ್ತಿದೆ, ನನ್ನ ಬಾಯಿ ತೆರೆದೇ ಇದೆ, ಹೌದು ಮೇಡಂ, ಎಂದಿತು ನನ್ನದೇ ದನಿ, ಪುಸ್ತಕ ನೋಡಿ ಮಾಡಿದ್ದು, ಮತ್ತೆ ಆ ಹೆಬ್ಬೆರಳು, ಅದರಡಿಯಿಂದ ಹೊರಗೆ ಇಣುಕುವ ಒಂದಿಷ್ಟೇ ಟೇಪು, ಕಂದಿದ ಮೂಲೆ, ಕಂದಿದ ಮೂಲೆ