ಒಂದೇ ಟವೆಲ್, ಇಬ್ಬರ ಜಾಗ

"ಏಳ್ರಿ, ಅದು ನನ್ನ ಸೀಟೈತೆ!"

ಹರಿಹರದ ನಿಲ್ದಾಣದಲ್ಲಿ ಬಾಳೆಹಣ್ಣು ತರಲು ಇಳಿದಿದ್ದ ಹಜೀರಾಬೀ ಮತ್ತೆ ದಾವಣಗೆರೆ ಬಸ್ಸು ಹತ್ತುವಷ್ಟರಲ್ಲಿ ಅವರ ಜಾಗದಲ್ಲಿ ಒಬ್ಬ ದಪ್ಪನೆಯ ಗಂಡಸು ಆರಾಮಾಗಿ ಕೂತುಬಿಟ್ಟಿದ್ದ.

"ಟವೆಲ್ ಇರ್ಲಿಲ್ಲ ಕಣಮ್ಮ," ಎಂದ.

ಟವೆಲ್ ಹಾಕಿದ್ದು ಜೊತೆಗಾತಿ ಉಚ್ಚೆಂಗೆಮ್ಮ, ಇಬ್ಬರಿಗೂ ಸೇರಿ ಒಂದೇ. ಮುಂದೆ ಕಿಟಕಿ ಪಕ್ಕ ಜಾಗ ಕಂಡಿದ್ದೇ ತಡ, ಮಹಾತಾಯಿ ಟವೆಲ್ ಎತ್ತಿಕೊಂಡು ಹೋಗಿಬಿಟ್ಟಿದ್ದಳು.

"ಟವೆಲ್ ನಿಂದಿರಬೌದು ಕಣವ್ವ, ಜಾಗ ಇಬ್ರುದಲ್ಲೇನು?" ಹಜೀರಾಬೀ ಮುಂದೆ ಕೂತ ಗೆಳತಿಯನ್ನು ಗದರಿದರು.

ಹಿಂದೆ ಕೂತಿದ್ದ ಅಂಬಿಕಾಗೆ ನಗು ಬಂತು. ಬಂದ ನಗು ಅರ್ಧಕ್ಕೇ ನಿಂತಿತು. ಅಯ್ಯೋ, ನಾನು ಮಾಡಿರೋದೂ ಇದೇ ಅಲ್ವಾ!

ಅಂಬಿಕಾ ದಾವಣಗೆರೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನವಳು. ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಎಂಬ ಉಚಿತ ಸಿಸ್ಟಮ್ ಹಾಕಿ, ಒಂದೇ ಹಳೆಯ ಯಂತ್ರಕ್ಕೆ ಹನ್ನೊಂದು ಪರದೆ, ಕೀಲಿಮಣೆ ಜೋಡಿಸಿ ಹನ್ನೊಂದು ಮಂದಿ ವಿದ್ಯಾರ್ಥಿಗಳನ್ನು ಕೂರಿಸಿದ್ದಳು. ಮೆಮೊರಿ ತುಂಬಿದರೆ ಒಳಗಿನ ಯಜಮಾನ ಕರ್ನಲ್ ಕೆಲವರ ಸಾಮಾನನ್ನು ಡಿಸ್ಕಿಗೆ ಸಾಗಿಸಿ, ಬೇಕಾದಾಗ ವಾಪಸ್ ತರಬೇಕು. ಮೂರು ವಾರದಿಂದ ಒಬ್ಬರು ಕೇಳಿದರೆ ಇನ್ನೊಬ್ಬರದು ಬರುತ್ತಿತ್ತು. ಅವಳು ಡಿಸ್ಕನ್ನು ಬೈದು, ಬದಲಾಯಿಸಿಯೂ ನೋಡಿದ್ದಳು. ವಿಭಾಗದ ಮುಖ್ಯಸ್ಥ ರುದ್ರಮುನಿ ಕೊನೆಗೆ ಹೇಳಿದ್ದರು: ಇವತ್ತು ಮಧ್ಯಾಹ್ನದೊಳಗೆ ಲಿನಕ್ಸ್ ತೆಗೆಯುವುದು, ಅವಳು ಮತ್ತೆ ಆಫೀಸಿನ ಟೈಪಿಂಗಿಗೆ. ಆ ಟೈಪಿಂಗ್ ಎಂದರೆ ಅವಳಿಗೆ ಜೀವ ಹಿಂಡಿದಂತಾಗುತ್ತಿತ್ತು.

ಹೋದ ತಿಂಗಳು, ಕೆಲಸ ಚುರುಕಾಗಲೆಂದು, ಕರ್ನಲ್‌ಗೆ ಒಂದು ಸಾಲು ಸೇರಿಸಿದ್ದವಳು ಇವಳೇ. ಡಿಸ್ಕಿನ ಒಂದು ಜಾಗವನ್ನು ಇಬ್ಬರು ಹಂಚಿಕೊಂಡಿದ್ದರೆ, ಒಬ್ಬರು ಎದ್ದಾಗ ಆ ಜಾಗ ಎಷ್ಟು ಜನರದು ಎಂಬ ಎಣಿಕೆಯಲ್ಲಿ ಒಂದು ಕಳೆಯಬೇಕು. ಇವಳ ಸಾಲು ನೇರ ಸೊನ್ನೆ ಮಾಡುತ್ತಿತ್ತು. ಇನ್ನೊಬ್ಬರು ಅಲ್ಲೇ ಇದ್ದರೂ ಜಾಗ ಖಾಲಿ ಅಂತ ಬೇರೆಯವರಿಗೆ ಹೋಗುತ್ತಿತ್ತು.

ಬಸ್ಸಿಳಿದು ಲ್ಯಾಬಿಗೆ ಓಡಿದವಳೇ ಆ ಸಾಲು ತಿದ್ದಿದಳು. ಕರ್ನಲ್ ಹೊಸದಾಗಿ ಸಿದ್ಧವಾಗಲು ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ರುದ್ರಮುನಿ ಹಳೆಯ ಸಿಸ್ಟಮ್ಮಿನ ಸಿಡಿ ಹಿಡಿದು ಬಂದರು.

"ಇನ್ನೂ ತೆಗ್ದಿಲ್ಲೇನಮ್ಮ?"

"ಡಿಸ್ಕಿಂದಲ್ಲ ಸರ್. ತಪ್ಪು ನಂದೇ." ತಾನು ಸೇರಿಸಿದ್ದ ಸಾಲನ್ನು ತೋರಿಸಿದಳು. ಹಾಗೇ ಬಸ್ಸಿನ ಕಥೆಯನ್ನೂ ಹೇಳಿದಳು.

ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಹನ್ನೊಂದೂ ಮಂದೀನ ಕೂಡ್ಸು. ಹೆಂಗೈತೋ ನೋಡಾಣ."

ಮೆಮೊರಿ ತುಂಬಿತು, ಡಿಸ್ಕಿನ ದೀಪ ಮಿಣುಕತೊಡಗಿತು. ಒಂದು ಗಂಟೆ ಕಳೆದರೂ ಯಾರದೂ ಇನ್ನೊಬ್ಬರಿಗೆ ಹೋಗಲಿಲ್ಲ. ಅಂಬಿಕಾಗೆ ಹೋದ ಜೀವ ಬಂದಂತಾಯಿತು.

ಊಟದ ಗಂಟೆ ಹೊಡೆಯಿತು. ಯಂತ್ರದ ಮುಂದಿನ ಕುರ್ಚಿ ಬಿಟ್ಟು ಏಳಲು ಅವಳಿಗೆ ಧೈರ್ಯವಾಗಲಿಲ್ಲ.

"ಉಂಡು ಬಾರಮ್ಮ," ಎಂದರು ರುದ್ರಮುನಿ. ಸಿಡಿಯನ್ನು ಬೀರುವಿನೊಳಗಿಟ್ಟರು. ಅವಳು ಎದ್ದ ಮೇಲೆ ಜೇಬಿನಿಂದ ಕರ್ಚೀಫು ತೆಗೆದು, ಕೊಡವಿ, ಆ ಕುರ್ಚಿಯ ಮೇಲೆ ಹಾಸಿದರು.