ಕೊಬ್ಬಿನೊಳಗಿನ ಪುಡಿ

ಎಂಬತ್ತಾರನೆಯ ಇಸವಿಯ ಚಳಿಗಾಲ. ಕಲಘಟಗಿಯ ಹೈಸ್ಕೂಲಿನಲ್ಲಿ ಒಂಬತ್ತನೆಯ ಇಯತ್ತೆ ಓದುತ್ತಿದ್ದ ಶಾರದೆಗೆ ಶಾಲೆಯ ವಾರ್ಷಿಕ ಗ್ಯಾದರಿಂಗಿನ ನಾಟಕದಲ್ಲಿ ದ್ರೌಪದಿಯಾಗುವ ಆಸೆ. ಮಾಸ್ತರರು ಅವಳನ್ನು ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿ, "ನೀ ಭೀಮ ಆಗವಾ" ಅಂದರು. ಇಡೀ ತರಗತಿ ನಕ್ಕಿತು. ಆ ಸಂಜೆ ತನ್ನೂರು ದುಮ್ಮವಾಡದಲ್ಲಿ ಬಸ್ಸಿನಿಂದ ಇಳಿದವಳೇ ಊಟ ಬಿಟ್ಟಳು.

ಬಿಟ್ಟಳು ಅಂದರೆ ಪೂರ್ತಿ ಅಲ್ಲ. ಬೆಳಿಗ್ಗೆ ಅರ್ಧ ರೊಟ್ಟಿ, ರಾತ್ರಿ ಒಂದು ಲೋಟ ಮಜ್ಜಿಗೆ. ತಾಟಿನಲ್ಲಿ ಉಳಿದದ್ದು ಹಿತ್ತಲಿನ ನಾಯಿಗೆ. ತಿಂಗಳೊಪ್ಪತ್ತಿನಲ್ಲಿ ಅವಳ ಲಂಗ ಸೊಂಟದಿಂದ ಜಾರತೊಡಗಿತು, ನಾಯಿ ನಾಲ್ಕು ಹೆಜ್ಜೆಗೇ ಏದುಸಿರು ಬಿಡತೊಡಗಿತು. ಒಂದು ದಿನ ಪ್ರಾರ್ಥನೆಗೆ ನಿಂತಲ್ಲೇ ಶಾರದೆ ತಲೆ ತಿರುಗಿ ಬಿದ್ದಳು. ಭೀಮನ ಗದೆ ಬೇರೆ ಹುಡುಗಿಯ ಹೆಗಲೇರಿತು.

ಅಪ್ಪ ಕುಬೇರಪ್ಪ ಮಗಳನ್ನು ದವಾಖಾನೆಗೆ ಕರೆದೊಯ್ದ. ಆಯಿ ಶಿವಗಂಗವ್ವ ಬಿಟ್ಟಾಳೆಯೇ, ಮೊಮ್ಮಗಳ ಕೈ ಹಿಡಿದುಕೊಂಡೇ ಬಂದಳು.

ಹುಬ್ಬಳ್ಳಿಯಿಂದ ಬರುತ್ತಿದ್ದ ಹೆಣ್ಣು ಡಾಕ್ಟರನ್ನು ಎಲ್ಲರೂ ‘ಡಾಕ್ಟರ ಬಾಯಿ’ ಅನ್ನುತ್ತಿದ್ದರು. ಅವರು ನಾಡಿ ನೋಡಿ ಹೇಳಿದರು: "ತಲಿ ತಿರಗಿದ್ದು ಉಪವಾಸಕ್ಕ, ಬ್ಯಾರೆ ಏನಿಲ್ಲ. ಆದ್ರ ತೂಕ ಹಿಂಗ ಒಮ್ಮೆಲೇ ಇಳೀಬಾರದವಾ. ಹೊಲಕ್ಕ, ಗ್ವಾಡಿಗೆ ಹೊಡಿಯೂ ಹುಳದ ವಿಷ, ಡಿಡಿಟಿ ಪುಡಿ, ಕಾಳಿನ್ಯಾಗ, ಹಾಲು ಬೆಣ್ಣ್ಯಾಗ ನಮ್ಮ ಮೈಗೆ ಬರತೈತಿ. ಅದು ನೀರಿಗೆ ಕರಗೂದಿಲ್ಲ. ಕೊಬ್ಬಿನ್ಯಾಗ ಹೋಗಿ ಕುಂದ್ರತೈತಿ. ಕೊಬ್ಬು ಗಡಬಡಿಸಿ ಕರಗಿದ್ರ ರಕ್ತಕ್ಕ ಇಳೀತೈತಿ. ನೀ ಬೆಳಿಯೂ ಹುಡುಗಿ. ಹೊಟ್ಟಿತುಂಬ ಉಣ್ಣು, ಅಡ್ಡಾಡು, ತೂಕ ತಾನ ಸಾವಕಾಶ ಇಳೀತೈತಿ."

ಶಿವಗಂಗವ್ವನ ಕಿವಿಗೆ ಇದರಲ್ಲಿ ಅರ್ಧವೇ ಬಿತ್ತು.

"ಕೇಳಿದೆಲ್ಲ?" ಬಸ್ಸಿನಲ್ಲಿ ಮೊಮ್ಮಗಳಿಗೆ ಹೇಳಿದಳು. "ಕೊಬ್ಬು ಅಂದ್ರ ಗೂಟ. ವಿಷ ಅನ್ನೂ ಕ್ವಾಣಾನ್ನ ಅದಕ್ಕ ಕಟ್ಟಿರತೈತಿ. ಗೂಟ ಕಿತ್ತಿ, ಕ್ವಾಣಾ ಮೈಮ್ಯಾಲೆ ಬಂತು."

ಮರುದಿನದಿಂದ ಮನೆಯಲ್ಲಿ ಗೂಟ ಬಲಪಡಿಸುವ ಕೆಲಸ ಶುರುವಾಯಿತು. ಹೋಳಿಗೆ, ಅದರ ಮೇಲೆ ತುಪ್ಪ, ಮಧ್ಯಾಹ್ನ ಶೇಂಗಾ ಉಂಡಿ. ಓಣಿಯಲ್ಲಿ ತೆಳ್ಳಗಿದ್ದವರನ್ನು ಕಂಡರೆ ಆಯಿಗೆ ಕನಿಕರ. ಬಾಜೂ ಮನೆಯ ಖಾತುನಬಿ ಕಡ್ಡಿಯಂಥ ಹೆಂಗಸು, ಕೋಣ ಕಟ್ಟಲು ಗೂಟವೇ ಇಲ್ಲ. ಅವಳನ್ನು ನಿಲ್ಲಿಸಿ, "ನಿಂದು ಎಲ್ಲೆ ಕಟ್ಟೀಯವ್ವಾ?" ಎಂದು ಕೇಳಿದಳು. ಖಾತುನಬಿ, ತನ್ನ ಆಡನ್ನು ಕೇಳುತ್ತಿದ್ದಾಳೆ ಎಂದುಕೊಂಡು, "ಹಿತ್ತಲದಾಗ" ಅಂದಳು.

ಶಾರದೆ ಎರಡು ಹೋಳಿಗೆ ತಿಂದು ಮೂರನೆಯದಕ್ಕೆ ಕೈ ಅಡ್ಡ ಹಿಡಿದಳು. "ಆಯಿ, ಆ ಕ್ವಾಣಾ ನನ್ನೊಳಗ ಬಂದದ್ದರ ಹ್ಯಾಂಗ?"

"ಹೊಲದಾಗಿಂದ."

"ಹೊಲದಾಗಿಂದಷ್ಟ?" ಎಂದು ಶಾರದೆ ಮೂಲೆಯಲ್ಲಿದ್ದ ಬಿದಿರಿನ ಕಣಜದ, ಜೋಳದ ಗಳಗಿಯ ಕಡೆ ನೋಡಿದಳು.

ಆ ಗಳಗಿಗೆ ನುಸಿ ಹತ್ತಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಅದು ಶಿವಗಂಗವ್ವನ ಹೆಮ್ಮೆ. ಮಲೇರಿಯಾದವರು ಗೋಡೆಗೆ ಡಿಡಿಟಿ ಹೊಡೆಯಲು ಬಂದಾಗಲೆಲ್ಲ ಚಹಾ ಕೊಟ್ಟು, ಒಂದು ಡಬ್ಬಿ ಪುಡಿ ಇಸಿದುಕೊಂಡು, ಜೋಳಕ್ಕೆ ಕಲಸಿಡುತ್ತಿದ್ದಳು. ಈಗ ಹುಡುಗಿಯ ಮೇಲೆ ಸಿಟ್ಟು ಮಾಡಿಕೊಂಡು ಮಾತು ಬಿಟ್ಟಳು. ಆಮೇಲೆ ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ದವಾಖಾನೆಗೆ ಹೋದಳು.

"ಗಳಗಿ ಜ್ವಾಳಕ್ಕ ಆ ಪುಡಿ ನಾ ಹಾಕಿದ್ದು ಚಿಟಿಕಿಯಷ್ಟರಿ" ಅಂದಳು.

"ಎಷ್ಟು ವರ್ಷ ಆತ್ರಿ?"

"ಕುಬೇರ್ಯಾ ಸಾಲಿಗೆ ಹೋಗತಿದ್ದ, ಆವಾಗಿಂದ."

ಡಾಕ್ಟರ ಬಾಯಿ ಬೆರಳು ಮಡಚಿ ವರ್ಷಗಳನ್ನು ಎಣಿಸಿದರು.

"ಹಂಗಾರ ನನ್ನ ಮೈಯಾಗೂ ಐತೇನ್ರಿ?"

"ಇದ್ದೀತ್ರಿ. ಪರೀಕ್ಷಾ ಮಾಡದ ಎಷ್ಟು ಅಂತ ಹೇಳಾಕ ಬರೂದಿಲ್ಲ."

ಶಿವಗಂಗವ್ವ ತನ್ನ ದಪ್ಪ ತೋಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಅದಕ್ಕ ಅನ್ರಿ, ನನಗ ಇನ್ನೂ ನುಸಿ ಹತ್ತಿಲ್ಲ."

ಡಾಕ್ಟರ ಬಾಯಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ, ಗಂಭೀರವಾಗಿ ಹೇಳಿದರು: "ಅಂಜಬ್ಯಾಡ್ರಿ. ಹೊಸದು ಕಲಸೂದು ಬಿಡ್ರಿ. ಒಳಗಿದ್ದದ್ದು ವರ್ಷಗಟ್ಟಲೆ ಹಿಡದು ಒಂದೀಟ ಒಂದೀಟ ಹೊರಗ ಹೋಗತೈತಿ. ಆದ್ರ ಆ ಜ್ವಾಳ ದನಕ್ಕೂ ಹಾಕಬ್ಯಾಡ್ರಿ."

ಅವ್ವ ಬಂದು ಎಲ್ಲ ಹೇಳಿದ ಮೇಲೆ ಕುಬೇರಪ್ಪ ಬಾವಿಯಿಂದ ದೂರ ಗುಂಡಿ ತೋಡಿದ. ಶಿವಗಂಗವ್ವ ಜೋಳವನ್ನು ಬುಟ್ಟಿ ಬುಟ್ಟಿಯಾಗಿ ಸುರಿದಳು. ಉಣ್ಣುವ ಕಾಳನ್ನು ಅವಳು ಮಣ್ಣಿಗೆ ಹಾಕಿದ್ದು ಅದೇ ಮೊದಲು. ಶಾರದೆ ಬುಟ್ಟಿಯ ಇನ್ನೊಂದು ಕಿವಿ ಹಿಡಿದಳು. ಇಬ್ಬರ ನಡುವಿನ ಸಿಟ್ಟು ಅಲ್ಲಿಯೇ ಮುಗಿಯಿತು.

ಸುಗ್ಗಿಯ ಹೊಸ ಜೋಳಕ್ಕೆ ಬೇವಿನ ಎಲೆ, ಬೂದಿ ಹಾಕಿದರು. ಮಳೆ ಶುರುವಾಗುತ್ತಲೇ ನುಸಿ ಬಂತು. ಶಿವಗಂಗವ್ವ ಜರಡಿ ಹಿಡಿದು ಕಟ್ಟೆಯ ಮೇಲೆ ಕುಳಿತಳು. ಖಾತುನಬಿ ಬಗ್ಗಿ ನೋಡಿ, "ನಿಮ್ಮ ಮನ್ಯಾಗೂ ಬಂತಲ್ಲಬೇ" ಅಂದಾಗ ಆಯಿ ಒಂದು ಹುಳವನ್ನು ಅಂಗೈ ಮೇಲೆ ಹತ್ತಿಸಿಕೊಂಡು ತೋರಿಸಿದಳು. "ಈ ಜ್ವಾಳ ಉಂಡು ಇದು ಬದುಕೇತಿ ನೋಡು. ಅಂದಮ್ಯಾಲೆ ನಾವೂ ಉಣಬಹುದು."

ಶಾರದೆ ರಜೆಯಿದ್ದ ದಿನ ಹೊಲಕ್ಕೆ ಬುತ್ತಿ ಒಯ್ಯತೊಡಗಿದಳು. ಲಂಗ ಒಂದಿಷ್ಟು ಸಡಿಲವಾಯಿತು, ಅಷ್ಟೇ, ದ್ರೌಪದಿಯಂತೂ ಆಗಲಿಲ್ಲ. ಒಂದು ಮಧ್ಯಾಹ್ನ ಏರು ದಾರಿಯನ್ನು ಎಲ್ಲಿಯೂ ನಿಲ್ಲದೆ ಹತ್ತಿ ಬಂದಳು. ಹೊಟ್ಟೆ ತುಂಬ ಹಸಿದಿತ್ತು. ಬದುವಿನ ಮೇಲೆ ಗಂಟು ಬಿಚ್ಚಿದವಳು, ಅಪ್ಪ ಕೈ ತೊಳೆದು ಬರುವಷ್ಟರಲ್ಲಿ ಅವನ ಪಾಲಿನ ರೊಟ್ಟಿಯನ್ನೂ ಮುರಿದಿದ್ದಳು.