ಹರಳೆಣ್ಣೆಯ ನೀಲಿ ಬಾಟ್ಲಿ

ಬಂಗಾರಪೇಟೆಯಲ್ಲಿ ಹಿಂಡಿ-ಬೂಸಾ ಅಂಗಡಿ ಇಟ್ಟಿರುವ ಚಲಪತಿಗೆ ಹಳೇ ಬಾಟ್ಲಿಗಳ ಹುಚ್ಚು. ಲೋಕದಲ್ಲಿ ಗಂಡಸರು ಬಾಟ್ಲಿಯಲ್ಲಿ ಇರುವುದನ್ನು ಕುಡಿದು ಹಾಳಾಗುತ್ತಾರೆ, ನಮ್ಮೆಜಮಾನ್ರು ಖಾಲಿ ಬಾಟ್ಲಿ ಹಿಡಿದೇ ಹಾಳಾದರು ಎಂದು ಅವನ ಹೆಂಡತಿ ಲಕ್ಷ್ಮೀದೇವಿ ಡೈರಿಯ ಹತ್ತಿರ ಹಾಲಿನ ಕ್ಯಾನು ಇಳಿಸುತ್ತಾ ಎಲ್ಲರನ್ನೂ ನಗಿಸುತ್ತಿದ್ದಳು. ನಗುವವರಿಗೇನು ಗೊತ್ತು! ಕೆಜಿಎಫ್‌ನಲ್ಲಿ ಗಣಿ ಮುಚ್ಚಿತು, ಅದಕ್ಕೂ ಎಷ್ಟೋ ಮುಂಚೆ ಇಂಗ್ಲಿಷಿನವರು ಗಂಟುಮೂಟೆ ಕಟ್ಟಿದರು. ಆದರೆ ಅವರು ಕುಡಿದ ಸೋಡಾ, ನುಂಗಿದ ಔಷಧಿ, ಬಳಿದುಕೊಂಡ ಸೆಂಟು, ಎಲ್ಲದರ ಬಾಟ್ಲಿಯೂ ಬಂಗಲೆಗಳ ಹಿಂದಿನ ತಿಪ್ಪೆಯಲ್ಲೇ ಉಳಿಯಿತು. ಊರಿಗೆ ಊರೇ ಆ ಮಣ್ಣಿನಲ್ಲಿ ಚಿನ್ನ ಹುಡುಕಿದರೆ ಚಲಪತಿ ಗಾಜು ಹುಡುಕಿದ.

ಅವನ್ನು ಮಾರುವುದೂ ಕೊಳ್ಳುವುದೂ ಫೋನಿನಲ್ಲಿ. ಹಳೇ ಸಾಮಾನಿನ ಹರಾಜಿಗೆಂದೇ ಒಂದು ಆಪ್ ಇತ್ತು. ಫೋಟೋ ಹಾಕಬೇಕು, ಭಾನುವಾರ ಸಂಜೆಯೊಳಗೆ ಯಾರು ಹೆಚ್ಚಿಗೆ ಕೂಗುತ್ತಾರೋ ಬಾಟ್ಲಿ ಅವರದು. ಅಲ್ಲಿ ಯಾರೂ ಸ್ವಂತ ಹೆಸರಿಡುವುದಿಲ್ಲ. ಚಲಪತಿ ಅಲ್ಲಿ ಗೋಲಿಸೋಡ. ದೇವಸ್ಥಾನದ ಮುಂದೆ ತೆಂಗಿನಕಾಯಿ ಹರಾಜು ಕೂಗಿ ಬೆಳೆದವನಾದ್ದರಿಂದ ಫೋನಿನಲ್ಲಿ ಬೆಲೆ ಒತ್ತುವಾಗಲೂ ಅವನು ಬಾಯಿಬಿಟ್ಟೇ ಕೂಗುತ್ತಿದ್ದ. ಬೂಸಾ ಕೊಳ್ಳಲು ಬಂದವರು ಬೆಚ್ಚಿಬೀಳುತ್ತಿದ್ದರು.

ಇಷ್ಟೆಲ್ಲ ಬಾಟ್ಲಿ ಕೂಡಿಹಾಕಿದರೂ ಒಂದು ಬಾಟ್ಲಿ ಮಾತ್ರ ಅವನ ಕೈಗೆ ಹತ್ತಲಿಲ್ಲ. ಅದು ಬೂದಿಕೋಟೆ ಹತ್ತಿರದ ಹಳ್ಳಿಯಲ್ಲಿ ಅವನ ಅತ್ತೆ ಅಕ್ಕಯ್ಯಮ್ಮನ ಕೊಟ್ಟಿಗೆಯ ಸೂರಿನಲ್ಲಿ ಸಿಕ್ಕಿಸಿದ್ದ ಹರಳೆಣ್ಣೆ ಬಾಟ್ಲಿ. ಉದ್ದನೆಯ ಕತ್ತು, ಗಾಢ ನೀಲಿ ಬಣ್ಣ. ಅಕ್ಕಯ್ಯಮ್ಮನ ಅಪ್ಪ ಮುನಿಸ್ವಾಮಪ್ಪ ಸೈಕಲ್ಲಿನಲ್ಲಿ ಕೆಜಿಎಫ್‌ಗೆ ಹಾಲು ಒಯ್ಯುತ್ತಿದ್ದ ಕಾಲದಲ್ಲಿ ಬಂಗಲೆಯ ದೊರೆಸಾನಿ ಕೊಟ್ಟದ್ದಂತೆ. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಬೇರೆಯವರು ಬಿದಿರಿನ ಗೊಟ್ಟದಲ್ಲಿ ಎಣ್ಣೆ ಕುಡಿಸಿದರೆ ಅಕ್ಕಯ್ಯಮ್ಮ ಈ ಬಾಟ್ಲಿಯಲ್ಲಿ ಕುಡಿಸುತ್ತಿದ್ದಳು. ಎಣ್ಣೆ, ಹೊಗೆ, ಸಗಣಿ ಎಲ್ಲ ಮೆತ್ತಿ ಅದರ ನೀಲಿ ಬಣ್ಣ ಕಾಣಬೇಕಾದರೆ ಚಲಪತಿಯಂಥ ಹುಚ್ಚನ ಕಣ್ಣೇ ಬೇಕಾಗಿತ್ತು.

ಕೇಳಿ ತಗೊಳ್ಳಬಾರದಾ ಅಂತೀರಿ. ಕೇಳುವುದು ಹೇಗೆ? ಅವರ ಮನೆತನದಲ್ಲಿ ಅತ್ತೆ ಅಳಿಯ ಎದುರುಬದುರು ಮಾತಾಡುವ ಪದ್ಧತಿ ಇಲ್ಲ. ಅಳಿಯ ಒಳಗೆ ಬಂದರೆ ಅತ್ತೆ ಬಾಗಿಲ ಹಿಂದೆ. ಹೇಳುವುದೇನಾದರೂ ಇದ್ದರೆ ಕರುವಿಗೋ, ಕಂಬಕ್ಕೋ, ಮಗಳಿಗೋ ಹೇಳಬೇಕು, ಅಳಿಯ ಕೇಳಿಸಿಕೊಳ್ಳಬೇಕು. "ಅನ್ನ ಆರೋಗ್ತೈತೆ ಅಂತ ಏಳಮ್ಮ" ಎಂದು ಅಕ್ಕಯ್ಯಮ್ಮ ಖಾಲಿ ಒರಳುಕಲ್ಲಿಗೆ ಹೇಳಿದ್ದೂ ಉಂಟು. ಚಲಪತಿ ಹೆಂಡತಿಯ ಮೂಲಕ ನೀಲಿ ಬಾಟ್ಲಿ ಕೇಳಿಸಿದಾಗ ಬಾಗಿಲ ಹಿಂದಿನಿಂದ "ಊಹೂಂ" ಅಂತ ಒಂದು ಸದ್ದು ಬಂತು, ಅಷ್ಟೆ. ಬಾಗಿಲ ಜೊತೆ ಚೌಕಾಸಿ ಮಾಡಿ ಗೆದ್ದವರು ಯಾರಿದ್ದಾರೆ?

ಆದರೂ ಅತ್ತೆ ಮನೆಗೆ ಹೋದಾಗಲೆಲ್ಲ ಚಲಪತಿ ಜಗುಲಿಯ ಮೇಲೆ ಕೂತು ಹೆಂಡತಿಗೆ ಬಾಟ್ಲಿ ಪುರಾಣ ಬಿಚ್ಚುತ್ತಿದ್ದ. ಅಚ್ಚು ಹೇಗೆ, ಅಚ್ಚಿನ ಹೋಳುಗಳು ಸೇರಿದ ಗೆರೆ ಎಲ್ಲಿ, ತಳದ ಅಕ್ಷರ ಏನು, ಕೈ ಆಡಿಸಿ ಆಡಿಸಿ ಹೇಳುತ್ತಿದ್ದ. ಲಕ್ಷ್ಮೀದೇವಿಗೆ ಅದು ಕೋಣನ ಮುಂದೆ ಕಿನ್ನರಿ. ಕೂತಲ್ಲೇ ತೂಕಡಿಸುತ್ತಿದ್ದಳು. ಪಾಪ, ಚಲಪತಿಗೆ ಬಾಟ್ಲಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಬಾಟ್ಲಿಯ ಮಾತು ಕೇಳುವ ಒಂದು ಕಿವಿ. ಅದು ಅವನಿಗೆ ಬಂಗಾರಪೇಟೆಯಲ್ಲೂ ಸಿಗಲಿಲ್ಲ, ಬೂದಿಕೋಟೆಯಲ್ಲೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಫೋನಿನಲ್ಲಿ.

ಹರಾಜಿನಲ್ಲಿ ಹೊಸದಾಗಿ ಒಬ್ಬರು ಸೇರಿದ್ದರು. ಹೆಸರು ಕೆಂದಕರು, ಫೋಟೋದಲ್ಲೂ ಒಂದು ಕೆಂಪು ಕರು. ಮೊದಲ ವಾರವೇ ಚಲಪತಿ ಕಣ್ಣಿಟ್ಟಿದ್ದ ಶಾಯಿ ಬಾಟ್ಲಿಯನ್ನು ಕೊನೇ ಗಳಿಗೆಯಲ್ಲಿ ಕೂಗಿ ಹೊಡೆದುಕೊಂಡರು. ಚಲಪತಿ ಮೈ ಉರಿದು ಬರೆದ: "ಏನ್ರೀ, ಅದರ ಬಾಯಿ ಒಡೆದಿರೋದು ಕಾಣ್ಲಿಲ್ವಾ?" ತಕ್ಷಣ ಉತ್ತರ ಬಂತು: "ಅದು ಒಡೆದಿರೋದಲ್ಲ, ಆ ಕಾಲದಾಗೆ ಅಂಗೇ ಮುರಿದು ಬಿಡ್ತಿದ್ರು. ಶಾಯಿ ಬಾಟ್ಲಿ ಬಾಯಿ ಯಾರು ನುಣ್ಣಗೆ ಮಾಡ್ತಾರೆ?" ಚಲಪತಿ ಅಂಗಡಿಯ ಮೂಟೆ ಮೇಲೆ ಕುಸಿದು ಕೂತ. ಇಷ್ಟು ವಿಷಯ ಗೊತ್ತಿರುವ ಇನ್ನೊಂದು ಜೀವ ಈ ಭೂಮಿ ಮೇಲೆ ಇದೆಯಲ್ಲಪ್ಪ ಅಂತ ಅವನಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಅಲ್ಲಿಂದ ಶುರುವಾಯಿತು ನೋಡಿ. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿದ ಕೂಡಲೇ ಕೆಂದಕರುವಿಗೆ ನಮಸ್ಕಾರ. ಬಾಟ್ಲಿಯಿಂದ ಬಾಟ್ಲಿಗೆ ಮಾತು ಬೆಳೆದು ಮನೆ ಮಾತಿಗೂ ಬಂತು. ಕೆಂದಕರು ಹೆಂಗಸು, ಹಸು ಕಟ್ಟಿಕೊಂಡವರು ಎಂಬುದು ತಿಳಿಯಿತು. ಚಲಪತಿ ಧೈರ್ಯ ಮಾಡಿ ತನ್ನ ದುಃಖ ತೋಡಿಕೊಂಡ: "ನಮ್ಮತ್ತೆ ಹತ್ರ ಒಂದು ನೀಲಿ ಹರಳೆಣ್ಣೆ ಬಾಟ್ಲಿ ಐತಮ್ಮ. ಹಸು ಬಾಯಿಗೆ ತುರುಕ್ತಾರೆ. ಕೊಡಾಕಿಲ್ಲ ಅಂತಾರೆ. ಜಿಪುಣಿ ಅಂದ್ರೆ ಜಿಪುಣಿ. ಮನುಷ್ಯರಲ್ಲ, ಬೀಸೋಕಲ್ಲು."

ಅವತ್ತು ಆ ಕಡೆಯಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ಸಂಜೆ ಹಾಲು ಕರೆಯುವ ಹೊತ್ತಾದ ಮೇಲೆ ಬಂತು: "ನಮ್ಮನೇಲೂ ಒಬ್ಬ ಅಳಿಯ ಅವ್ನೆ ಕಣಪ್ಪ. ಬಂದಾಗೆಲ್ಲಾ ಅದು ಕೊಡಿ ಇದು ಕೊಡಿ ಅಂತಾನೆ. ಏನ್ ಮಾಡಾದು?" ಚಲಪತಿಗೆ ಅಯ್ಯೋ ಅನಿಸಿತು. ತನ್ನಂಥ ಸಭ್ಯ ಅಳಿಯ ಇರುವ ಲೋಕದಲ್ಲಿ ಇಂಥವರೂ ಇರುತ್ತಾರಲ್ಲ ಎಂದು ನೊಂದುಕೊಂಡೇ ಬರೆದ: "ಅಂತಾ ಅಳಿಯಂಗೆ ಏನೂ ಕೊಡಬೇಡಿ. ಸಲಿಗೆ ಕೊಟ್ರೆ ತಲೆ ಮೇಲೆ ಕೂರ್ತಾನೆ." "ಆಗ್ಲಪ್ಪ, ನಿಮ್ ಮಾತು ಮೀರಾಕಿಲ್ಲ" ಎಂದು ಉತ್ತರ ಬಂತು.

ಹೀಗಿರುವಾಗ ಒಂದು ವಾರ ಕೆಂದಕರು ಹರಾಜಿಗಿಟ್ಟರು ನೋಡಿ, ನೀಲಿ ಹರಳೆಣ್ಣೆ ಬಾಟ್ಲಿ! ಉಜ್ಜಿ ತೊಳೆದು, ಬಿಸಿಲಿಗೆ ಹಿಡಿದು ತೆಗೆದ ಫೋಟೋ. ಚಲಪತಿ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡ. "ನಮ್ಮತ್ತೇದೂ ಇಂತಾದ್ದೇ. ಆದ್ರೆ ಅದು ಕೊಳಕು, ಇದು ಲಕ್ಷ್ಮಿ" ಎಂದು ಬರೆದ. ಅವನಿಗೆ ಕಣ್ಣಿತ್ತು, ಬುದ್ಧಿ ಎಲ್ಲೋ ಮೇಯಲು ಹೋಗಿತ್ತು. ಭಾನುವಾರ ಅಂಗಡಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿ, ಒತ್ತಿ ಒತ್ತಿ, ಕೊನೆಗೂ ಗೆದ್ದ. ಕೊರಿಯರ್ ಬೇಡ, ಒಡೆದೋಗ್ತದೆ, ಮಾರಿಕುಪ್ಪಂನಲ್ಲಿ ನಮ್ಮ ತಂಗಿ ಮನೆಗೆ ಬತ್ತೀನಿ, ಸ್ಟೇಷನ್ನಿಗೆ ಬಂದು ಈಸ್ಕೊಳ್ಳಿ ಎಂದರು ಕೆಂದಕರು. ಚಲಪತಿ ಹೊಸ ಅಂಗಿ ಹಾಕಿಕೊಂಡು, ಹೆಂಡತಿಗೆ ಹಿಂಡಿ ಲೋಡಿಗೆ ಹೋಗ್ತೀನಿ ಅಂತ ಸುಳ್ಳು ಹೇಳಿ, ಬೆಳಗಿನ ಗಾಡಿ ಹತ್ತಿದ.

ಮಾರಿಕುಪ್ಪಂ ಅಂದರೆ ಹಳಿ ಮುಗಿಯುವ ಜಾಗ. ಗಾಡಿ ಜನರನ್ನು ಇಳಿಸಿ ಸುಸ್ತಾಗಿ ನಿಂತಿತ್ತು. ಟೀ ಮಾರುವವನೊಬ್ಬ ತಮಿಳಿನಲ್ಲಿ ಯಾರನ್ನೋ ಬೈಯುತ್ತಿದ್ದ, ಒಂದು ಕರಿ ನಾಯಿ ಅವನ ಬನ್ನಿನ ಡಬ್ಬವನ್ನೇ ನೋಡುತ್ತಿತ್ತು. ಚಲಪತಿ ಬೆಂಚು ಹುಡುಕುತ್ತಾ ತಿರುಗಿದ. ಗೇಟಿನಿಂದ ಒಳಗೆ ಬರುತ್ತಿದ್ದವಳು ಅತ್ತೆ ಅಕ್ಕಯ್ಯಮ್ಮ!

ಅಯ್ಯೋ ಶಿವನೇ, ಈಯಮ್ಮ ಇಲ್ಲೇಕೆ ವಕ್ಕರಿಸಿದಳು? ಇವಳ ತಂಗಿ ಚಿಕ್ಕವೆಂಕಟಮ್ಮನ ಮನೆಯೂ ಇಲ್ಲೇ ಎಲ್ಲೋ ಇದೆ ಎಂಬುದು ಅವನಿಗೆ ಆಗ ನೆನಪಾಯಿತು. ಚಲಪತಿ ಒಂದೇ ನೆಗೆತಕ್ಕೆ ಕಂಬದ ಹಿಂದೆ ಸೇರಿಕೊಂಡ. ಅತ್ತೆ ಬಂದು ಬೆಂಚಿನ ಮೇಲೆ ಕೂತಳು. ಅತ್ತೆ ನೋಡಿದರೆ ಮಗಳಿಗೆ ಹೇಳುತ್ತಾಳೆ, ಹಿಂಡಿ ಲೋಡಿನ ಸುಳ್ಳು ಬಯಲಾಗುತ್ತದೆ. ಫೋನು ತೆಗೆದು ಕೆಂದಕರುವಿಗೆ ಬರೆದ: "ಅಮ್ಮಾ, ಬೇಗ ಬನ್ನಿ. ಗ್ರಹಚಾರಕ್ಕೆ ನಮ್ಮತ್ತೆ ಬಂದು ಇಲ್ಲೇ ಕೂತವ್ರೆ. ನಾನು ಕಂಬದ ಹಿಂದೆ ಇದೀನಿ."

ಬೆಂಚಿನ ಮೇಲೆ ಅಕ್ಕಯ್ಯಮ್ಮನ ಚೀಲದಲ್ಲಿ ಟಿಂಗ್ ಅಂದಿತು. ಆಕೆ ಫೋನು ತೆಗೆದು, ಕನ್ನಡಕ ಏರಿಸಿ, ನಿಧಾನಕ್ಕೆ ಓದಿದಳು. ಒಂದೊಂದೇ ಅಕ್ಷರ ಒತ್ತಿದಳು. ಚಲಪತಿಯ ಕೈಯಲ್ಲಿ ಫೋನು ನಡುಗಿತು. ಅದರಲ್ಲಿ ಬಂದಿತ್ತು: "ಯಾವ ಕಂಬ?"

ಚಲಪತಿ ಇಂಗು ತಿಂದ ಮಂಗನ ಹಾಗೆ ನಿಂತ. ಜಿಪುಣಿ, ಬೀಸೋಕಲ್ಲು, ಕೊಳಕು, ಗ್ರಹಚಾರ. ತಾನು ಬರೆದ ಒಂದೊಂದು ಮಾತೂ ಮೆರವಣಿಗೆ ಹೊರಟು ಅವನ ಕಣ್ಣ ಮುಂದೆ ಬಂತು. ಹಳಿಯ ಮೇಲೆ ಓಡಿಬಿಡೋಣ ಅಂದುಕೊಂಡ, ಆದರೆ ಹಳಿ ಅಲ್ಲಿಗೇ ಮುಗಿದಿತ್ತು.

ಅಕ್ಕಯ್ಯಮ್ಮ ಸೆರಗು ಮುಂದಕ್ಕೆಳೆದುಕೊಂಡು, ಕರಿ ನಾಯಿಯನ್ನು ಕರೆದು ಎದುರಿಗೆ ಕೂರಿಸಿಕೊಂಡಳು. ಪದ್ಧತಿ ಬಿಡುವ ಹೆಂಗಸಲ್ಲ.

"ಲೇ ಕರಿಯಾ, ಕಂಬ ಸಣ್ಣದು, ಒಟ್ಟೆ ದೊಡ್ಡದು. ಅವಿತ್ಕಂಡಿರೋರಿಗೆ ಈಚೆಗೆ ಬರಾಕೆ ಏಳ್ಲಾ."

ಚಲಪತಿ ಈಚೆಗೆ ಬಂದ. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಅವನೂ ನಾಯಿಗೇ ಹೇಳಿದ. "ನಂಗೆ ಗೊತ್ತಿರ್ಲಿಲ್ಲ ಅಂತ ಏಳಪ್ಪಾ. ತಪ್ಪಾಯ್ತು ಅಂತ ಏಳು. ಬೀಸೋಕಲ್ಲು ಅಂದಿದ್ದು ಬಾಯಿ ತಪ್ಪಿ ಬಂದಿದ್ದು."

"ಬಾಯಿ ಅಲ್ಲ, ಬೆರಳು" ಎಂದಳು ಅಕ್ಕಯ್ಯಮ್ಮ ನಾಯಿಗೆ. "ಎಲ್ಲಾ ಫೋನಾಗೆ ಬದ್ರವಾಗೈತೆ. ಬೇಕಾದ್ರೆ ಓದಿ ತೋರಿಸ್ತೀನಿ ಅಂತ ಏಳು. ನೀಲಿ ಬಾಟ್ಲಿ ಇಸ್ಯ ಬರೆದ ದಿನಾನೇ ಯಾರು ಅಂತ ಗೊತ್ತಾಯ್ತು. ಗೊತ್ತಾಗಿ ಸುಮ್ಕಿದ್ದೆ. ಎಷ್ಟು ಬೈತಾರೆ ನೋಡಾನ ಅಂತ."

ಚೀಲದಿಂದ ಟವೆಲ್ಲಿನಲ್ಲಿ ಸುತ್ತಿದ್ದ ಬಾಟ್ಲಿ ತೆಗೆದು ಬೆಂಚಿನ ನಡುವೆ ಇಟ್ಟಳು. ಬಿಸಿಲು ಬಿದ್ದು ಬೆಂಚಿನ ಮೇಲೆ ನೀಲಿ ಚೆಲ್ಲಿತು.

"ಅಂತಾ ಅಳಿಯಂಗೆ ಏನೂ ಕೊಡಬೇಡಿ ಅಂತ ಯಾರೋ ದೊಡ್ಡ ಮನುಷ್ಯರು ಬುದ್ಧಿ ಏಳಿದ್ರು ಕಣ್ಲಾ ಕರಿಯಾ. ಅವರ ಮಾತು ಮೀರಾಕಾಯ್ತದಾ? ಅದಕ್ಕೇ ಕೊಡ್ತಿಲ್ಲ, ಮಾರ್ತಿದೀನಿ. ಈಗೆಲ್ಲ ದನದ ಡಾಕ್ಟ್ರು ಬಂದು ಇಂಜೆಕ್ಷನ್ ಚುಚ್ತಾರೆ. ಅಸು ತಲೆ ಎತ್ತಿಡಿಯೋ ಬಲ ನನ್ ಕೈಗೂ ಇಲ್ಲ."

ಇಷ್ಟು ವರ್ಷ ಕನಸಿನಲ್ಲಿ ಕಾಡಿದ್ದ ಬಾಟ್ಲಿ ಒಂದು ಮೊಳ ದೂರದಲ್ಲಿತ್ತು. ಚಲಪತಿ ಅದನ್ನು ಮುಟ್ಟಲಿಲ್ಲ. ಅವನ ಭಯವೇ ಬೇರೆ. ಅಂಗಡಿ ಬಾಗಿಲು ತೆಗೆದ ಕೂಡಲೇ ನಮಸ್ಕಾರ ಹೇಳಲು ಇನ್ನು ಯಾರಿದ್ದಾರೆ? ಗುಟ್ಟು ಒಡೆದ ಮೇಲೆ ಫೋನಿಗೂ ಬಾಗಿಲು ಬಿದ್ದ ಹಾಗೇ. ಮತ್ತೆ ತೂಕಡಿಸುವ ಲಕ್ಷ್ಮೀದೇವಿ, ಮತ್ತೆ ಮೂಕ ಬೂಸಾ ಮೂಟೆ. ಅವನಿಗೆ ಅಳುವೇ ಬಂತು.

"ಕರಿಯಪ್ಪಾ," ಎಂದ, "ಕೆಂದಕರು ಇನ್ಮೇಲೆ ಬರೆಯಾಕಿಲ್ವಾ ಅಂತ ಒಂದ್ ಮಾತು ಕೇಳಪ್ಪಾ."

ಆ ಹೊತ್ತಿಗೆ ಸರಿಯಾಗಿ ಟೀಯವನು ಹಳಸಿದ ಬನ್ನೊಂದನ್ನು ಎಸೆದ. ಕರಿಯ ಎದ್ದು ಓಡಿಹೋದ. ಬೆಂಚಿನ ಮುಂದೆ ಯಾರೂ ಉಳಿಯಲಿಲ್ಲ. ಕರು ಇಲ್ಲ, ಒರಳಿಲ್ಲ, ಮಗಳೂ ಇಲ್ಲ. ಕೇಳಿದ ಮಾತು ಗಾಳಿಯಲ್ಲೇ ನೇತಾಡಿತು.

ಅಕ್ಕಯ್ಯಮ್ಮ ಅತ್ತ ನೋಡಿದಳು, ಇತ್ತ ನೋಡಿದಳು.

"ಬರೀತೀನಿ" ಎಂದಳು. ನೇರವಾಗಿ, ಅಳಿಯನಿಗೇ.

ಚಲಪತಿ ಬೆಂಚಿನಿಂದ ಅರ್ಧ ಎದ್ದುಬಿಟ್ಟ. ಮದುವೆಯಾಗಿ, ತನ್ನ ಮಗಳು ಲಿಖಿತ ಕಾಲೇಜಿಗೆ ಹೋಗುವಷ್ಟು ಕಾಲವಾದರೂ ಈ ದನಿ ತನ್ನ ಕಡೆ ತಿರುಗಿದ್ದನ್ನು ಅವನು ಕೇಳಿರಲಿಲ್ಲ. ಬಾಯಿಗೆ ಬಂದದ್ದನ್ನು ಕೇಳಿದ. "ಅತ್ತೆ... ಈ ಬಾಟ್ಲಿ ಇಸ್ಯ ಎಲ್ಲಾ ನೀವು ಎಲ್ಲಿ ಕಲ್ತ್ರಿ?"

"ಇನ್ನೆಲ್ಲಿ, ನಿಮ್ಮತ್ರಾನೇ. ನೀವು ಜಗಲಿ ಮ್ಯಾಲೆ ಕುಂತು ಲಕ್ಷ್ಮಿಗೆ ಏಳ್ತಿದ್ರಿ, ಅವಳು ತೂಕಡಿಸ್ತಿದ್ಲು. ಬಾಗ್ಲಿಂದೆ ನಾನು ನಿಂತಿರ್ತಿದ್ದೆ. ಒಲೆ ಮ್ಯಾಗಿನ ಸಾರು ಎಷ್ಟು ಸಲ ಸೀದೋಯ್ತೋ."

ಯಾರೂ ಕೇಳುವವರಿಲ್ಲ ಎಂದು ಚಲಪತಿ ಕೊರಗಿದ ಅಷ್ಟೂ ಕಾಲ, ಒಂದು ಹಲಗೆ ಬಾಗಿಲಿನಾಚೆ, ಸಾರು ಸೀಯಿಸಿಕೊಂಡು ಒಬ್ಬರು ನಿಂತಿದ್ದರು. ಕಣ್ಣು ಮಂಜಾಯಿತು, ಒರೆಸಿಕೊಳ್ಳಲೂ ನಾಚಿಕೆಯಾಯಿತು.

"ಒಂದು ಕೇಳ್ತೀನಿ" ಎಂದಳು ಅಕ್ಕಯ್ಯಮ್ಮ. "ಲಿಖಿತ ತೊಟ್ಲಾಗಿದ್ದಾಗ ಒಂದಿನ ಗೋಲಿ ಸೋಡಾ ಬಾಟ್ಲಿ ಇಸ್ಯ ತೆಗೆದಿದ್ರಿ. ಕತ್ತು ಸಣ್ಣದು, ಗೋಲಿ ದಪ್ಪ, ಅದು ಒಳಕ್ಕೆ ಎಂಗೋಯ್ತು ಅಂತ. ಅಷ್ಟೊತ್ಗೆ ಮಗು ಅತ್ತು ಲಕ್ಷ್ಮಿ ಎದ್ದೋದ್ಲು, ನೀವು ಅಲ್ಲಿಗೇ ನಿಲ್ಲಿಸಿಬಿಟ್ರಿ. ಅವತ್ತಿಂದ ತಲೆ ಕೊರೀತೈತೆ."

"ಫೋನಾಗೆ ಕೇಳಬೋದಿತ್ತಲ್ಲ ಅತ್ತೆ?"

"ನೀವು ಕೈ ಆಡಿಸ್ಕಂಡು ಏಳ್ತಿದ್ರಂತಲ್ಲ. ಬಾಗ್ಲಿಂದೆ ಕೈ ಕಾಣ್ತಿರ್ಲಿಲ್ಲ. ಫೋನಾಗೂ ಕಾಣಾಕಿಲ್ಲ."

ಬಂಗಾರಪೇಟೆ ಗಾಡಿ ಕೂಗು ಹಾಕಿ ಹೊರಟಿತು. ಇಬ್ಬರೂ ಅದರ ಕಡೆ ನೋಡಲಿಲ್ಲ. ಚಲಪತಿ ಮೂಗೊರೆಸಿಕೊಂಡು, ಅಂಗಿಯ ತೋಳು ಮಡಚಿ, ಎರಡೂ ಕೈ ಮೇಲೆತ್ತಿದ. ಎಡಗೈ ಬೆರಳುಗಳನ್ನು ಅಗಲವಾಗಿ ಬಾಗಿಸಿ ಬಾಟ್ಲಿಯ ಬಾಯಿ ಮಾಡಿದ.

"ನೋಡಿ ಅತ್ತೆ, ಮೊದಲು ಬಾಟ್ಲಿ ಮಾಡುವಾಗ ಕತ್ತು ಇಷ್ಟು ಅಗಲ ಇರ್ತದೆ. ಗಾಜು ಇನ್ನೂ ಬಿಸಿ ಇರುವಾಗಲೇ ಗೋಲಿ ಇಂಗೆ ಒಳಕ್ಕೆ ಬಿಡ್ತಾರೆ..."

ಅಕ್ಕಯ್ಯಮ್ಮ ಸೆರಗನ್ನು ಹಿಂದಕ್ಕೆ ಸರಿಸಿ, ಅವನ ಕೈಗಳನ್ನೇ ನೋಡುತ್ತಾ ಹತ್ತಿರಕ್ಕೆ ಬಗ್ಗಿದಳು.

"ಆಮೇಲೆ?" ಎಂದಳು.